ಒಂದೇ ರ‍್ಯಾಮ್ ಜೋಡಿ, ನಾಲ್ಕು ಬೋರ್ಡು: ಹಳೆಯ ಮೆಮೊರಿ ಕಂಟ್ರೋಲರ್‌ಗಳನ್ನು ಅಳೆಯುವ ನನ್ನ ಕ್ರಮ

ಕಾರವಾರದಿಂದ ಭಟ್ಕಳದವರೆಗೆ ಝೆರಾಕ್ಸ್ ಅಂಗಡಿ, ಸೊಸೈಟಿ, ಶಾಲೆಗಳಲ್ಲಿ ಹತ್ತು ಹದಿನೈದು ವರ್ಷ ಹಳೆಯ ಡೆಸ್ಕ್‌ಟಾಪ್‌ಗಳು ಇನ್ನೂ ದುಡಿಯುತ್ತಿವೆ. ರ‍್ಯಾಮ್ ಬದಲಿಸಿದರೆ ಇವುಗಳಲ್ಲಿ ಯಾವುದು ಚುರುಕಾಗುತ್ತದೆ, ಯಾವುದು ಆಗುವುದಿಲ್ಲ ಎಂಬುದು ಬಹುಮಟ್ಟಿಗೆ ಪ್ರೊಸೆಸರ್ ಮತ್ತು ರ‍್ಯಾಮ್ ನಡುವೆ ಮಾಹಿತಿ ಸಾಗಿಸುವ ಮೆಮೊರಿ ಕಂಟ್ರೋಲರ್ ಎಲ್ಲಿ ಕೂತಿದೆ ಎಂಬುದರ ಮೇಲೆ ನಿಂತಿದೆ. ರ‍್ಯಾಮ್ ಚಿಪ್ಪುಗಳು ಉತ್ತರ ಕೊಡುವ ಸಮಯ ತಲೆಮಾರು ಕಳೆದರೂ ಹೆಚ್ಚು ಬದಲಾಗಿಲ್ಲ. ಡಿಡಿಆರ್2, ಡಿಡಿಆರ್3 ರ‍್ಯಾಮ್‌ನ ತಲೆಮಾರುಗಳು, ಮುಂದಿನ ಅಂಕಿ ವೇಗ, ಸಿಎಲ್ ಉತ್ತರಕ್ಕೆ ಕಾಯುವ ಗಡಿಯಾರ ಸುತ್ತುಗಳ ಎಣಿಕೆ. ಡಿಡಿಆರ್2-800 ಸಿಎಲ್5 ಎಂದರೆ 12.5 ನ್ಯಾನೊಸೆಕೆಂಡ್, ಡಿಡಿಆರ್3-1333 ಸಿಎಲ್9 ಎಂದರೆ 13.5, ಡಿಡಿಆರ್3-1600 ಸಿಎಲ್11 ಎಂದರೆ 13.75. ಬದಲಾದದ್ದು ಪ್ರೊಸೆಸರಿನ ಕೋರ್‌ನಿಂದ ಚಿಪ್ಪಿಗೆ ಹೋಗಿಬರುವ ದಾರಿ.

ಆ ದಾರಿಯನ್ನಷ್ಟೇ ಅಳೆಯಬೇಕೆಂದರೆ ಉಳಿದದ್ದೆಲ್ಲ ಒಂದೇ ಇರಬೇಕು. ಅದಕ್ಕೆ ಡಿಡಿಆರ್3 ಅನುಕೂಲ, ನಾನು ಹೋಲಿಸುವ ನಾಲ್ಕೂ ಬೋರ್ಡುಗಳಲ್ಲಿ ಅದು ಕೂರುತ್ತದೆ (ಜಿ41, ಎಚ್55, ಎಚ್61 ಇಂಟೆಲ್ ಬೋರ್ಡಿನ ಚಿಪ್‌ಸೆಟ್ಟಿನ ಹೆಸರುಗಳು, ಎಎಂ3 ಎಎಂಡಿ ಪ್ರೊಸೆಸರಿನ ಸಾಕೆಟ್). ಜಿ41 ಬೋರ್ಡಿನಲ್ಲಿ ಕೋರ್ 2 ಡ್ಯುಯೊ ಇ7500, ಎಚ್55ರಲ್ಲಿ ಐ3-540, ಎಚ್61ರಲ್ಲಿ ಐ3-2100, ಎಎಂ3 ಬೋರ್ಡಿನಲ್ಲಿ ಫಿನಾಮ್ 2 ಎಕ್ಸ್4 955. ವೇಗ 2.93ರಿಂದ 3.2 ಗಿಗಾಹರ್ಟ್ಸ್ ಒಳಗೇ ಇರುವುದರಿಂದ ಕೋರ್ ವೇಗದ ವ್ಯತ್ಯಾಸ ಹೆಚ್ಚು ಕಾಡುವುದಿಲ್ಲ. ರ‍್ಯಾಮ್ 2 ಜಿಬಿಯ ಎರಡು ಪಟ್ಟಿ, ಎರಡೂ ಬದಿಗೆ ಚಿಪ್ ಇರುವಂಥವು. ಎಲ್ಲ ಬೋರ್ಡಿನಲ್ಲೂ ವೇಗ 1066, ಟೈಮಿಂಗ್ (ಕಾಯುವ ಸುತ್ತುಗಳು) 7-7-7-20, ಕಮಾಂಡ್ ರೇಟ್ 2ಟಿ. ಜಿ41ರ ಅಧಿಕೃತ ಮಿತಿಯೇ 1066, ಹಾಗಾಗಿ ಉಳಿದವನ್ನೂ ಅಲ್ಲಿಗೇ ಇಳಿಸುತ್ತೇನೆ. ಬ್ರಾಂಡೆಡ್ ಕಂಪ್ಯೂಟರ್‌ಗಳ ಬಯೋಸ್ ಟೈಮಿಂಗ್ ಮುಟ್ಟಲು ಬಿಡುವುದಿಲ್ಲ. ಅಂಥ ಬೋರ್ಡನ್ನು ಈ ಹೋಲಿಕೆಗೆ ಸೇರಿಸದಿರುವುದೇ ಲೇಸು.

ಅಳೆಯುವ ಮೊದಲು ಕರಾವಳಿಯಲ್ಲಿ ಒಂದು ಕೆಲಸ ತಪ್ಪದೆ ಆಗಬೇಕು. ಉಪ್ಪುಗಾಳಿ, ಮಳೆಗಾಲದ ತೇವ ಎರಡೂ ಸೇರಿ, ಪಟ್ಟಿಯ ಅಂಚಿನ ಚಿನ್ನದ ಲೇಪ ತೆಳುವಾಗಿರುವ ಕಡೆ ಕೆಳಗಿನ ಲೋಹಕ್ಕೆ ಕಿಲುಬು ಹಿಡಿಸುತ್ತವೆ. ಆಗ ಒಂದು ಪಟ್ಟಿ ಬೋರ್ಡಿಗೆ ಕಾಣದೆ ಹೋದರೂ ಕಂಪ್ಯೂಟರ್ ಎಂದಿನಂತೆಯೇ ಶುರುವಾಗುತ್ತದೆ, ಆದರೆ ಎರಡು ಪಟ್ಟಿಗೆ ಎರಡು ದಾರಿ ಒಟ್ಟಿಗೆ ಬಳಸುವ ಡ್ಯುಯಲ್ ಚಾನೆಲ್ ಹೋಗಿ ಸಿಂಗಲ್ ಆಗಿರುತ್ತದೆ, ಬ್ಯಾಂಡ್‌ವಿಡ್ತ್ (ಸೆಕೆಂಡಿಗೆ ಸಾಗುವ ಮಾಹಿತಿ) ಅರ್ಧಕ್ಕಿಳಿಯುತ್ತದೆ. ಅದನ್ನು ಕಂಟ್ರೋಲರ್‌ನ ದೋಷವೆಂದು ಬರೆದುಕೊಂಡರೆ ಇಡೀ ಹೋಲಿಕೆಯೇ ಸುಳ್ಳು. ಪಟ್ಟಿಯ ಅಂಚನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ, ಎಳೆ ಬಿಡದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಸ್ಲಾಟಿಗೆ ಎರಡು ಮೂರು ಸಲ ಹಾಕಿ ತೆಗೆಯಿರಿ. ಒರಟು ರಬ್ಬರ್ ಬೇಡ, ಅದು ಲೇಪವನ್ನೇ ತಿನ್ನುತ್ತದೆ, ಪುಡಿ ಸ್ಲಾಟಿನೊಳಗೆ ಉಳಿಯುತ್ತದೆ. ಆಮೇಲೆ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ಒಂದು ಸುತ್ತು ಪೂರ್ತಿ ಓಡಲಿ, ಸಿಪಿಯು-ಝೆಡ್‌ನಲ್ಲಿ ಚಾನೆಲ್ ‘ಡ್ಯುಯಲ್’ ಎಂದಿರಲಿ. ಪಟ್ಟಿಗಳ ಗಾತ್ರವೂ ಒಂದೇ ಇರಬೇಕು. ಇಂಟೆಲ್ ಬೋರ್ಡಿಗೆ 4 ಜಿಬಿ ಜೊತೆ 2 ಜಿಬಿ ಹಾಕಿದರೆ 4 ಜಿಬಿಯಷ್ಟು ಭಾಗ ಮಾತ್ರ ಡ್ಯುಯಲ್, ಕೊನೆಯ 2 ಜಿಬಿ ಸಿಂಗಲ್. ಪ್ರೋಗ್ರಾಂ ಯಾವ ಭಾಗದಲ್ಲಿ ಕೂತಿತೋ ಅದಕ್ಕೆ ತಕ್ಕಂತೆ ಅಂಕಿ ಏರಿಳಿಯುತ್ತದೆ.

ಬ್ಯಾಂಡ್‌ವಿಡ್ತ್‌ಗೆ ನಾನು ನೆಚ್ಚುವುದು ದೊಡ್ಡ ಅರೇಗಳನ್ನು (ಅಂಕಿಗಳ ಸಾಲು) ಓದಿ ಬರೆದು ವೇಗ ಅಳೆಯುವ ಸ್ಟ್ರೀಮ್ ಪ್ರೋಗ್ರಾಂ. ಅದರ ಮೂಲ ಗಾತ್ರ 1 ಕೋಟಿ ಅಂಶ, ಅಂದರೆ ಒಂದೊಂದು ಅರೇಗೆ 80 ಎಂಬಿ. ಈ ಪ್ರೊಸೆಸರುಗಳೊಳಗಿನ ಚಿಕ್ಕ, ವೇಗದ ಮೆಮೊರಿಯಾದ ಕ್ಯಾಶ್‌ಗಿಂತ ಬಹಳ ದೊಡ್ಡದು, ಸಾಕು. ಜಿಸಿಸಿ ಕಂಪೈಲರಿನಲ್ಲಿ ಓ3 (ವೇಗ ಹೆಚ್ಚಿಸುವ) ಮತ್ತು ಓಪನ್‌ಎಂಪಿ (ಎಲ್ಲ ಕೋರ್ ಬಳಸುವ) ಆಯ್ಕೆ ಹಾಕಿ ಒಂದೇ ಸಲ ಕಂಪೈಲ್ ಮಾಡಿ, ಅದೇ ಫೈಲನ್ನು ನಾಲ್ಕೂ ಕಡೆ ಓಡಿಸಬೇಕು. ಆಯಾ ಪ್ರೊಸೆಸರಿಗೆಂದು ಕಂಪೈಲ್ ಮಾಡಿದರೆ ಕಂಪೈಲರಿನ ಜಾಣ್ಮೆಯೂ ಲೆಕ್ಕದಲ್ಲಿ ಸೇರುತ್ತದೆ. ಸ್ಟ್ರೀಮ್ ಕೊಡುವ ಫಲಿತಾಂಶದಲ್ಲಿ ಕಾಪಿ ಸಾಲನ್ನು ಹೋಲಿಕೆಗೆ ಬಳಸಬೇಡಿ. ಆ ಲೂಪನ್ನು ಜಿಸಿಸಿ ‘ಮೆಮ್‌ಕಾಪಿ’ ಆಗಿ ಬದಲಿಸಿಬಿಡಬಹುದು, ಆಗ ಬರಹ ಕ್ಯಾಶ್ ದಾಟಿ ನೇರ ಹೋಗಿ ಅಂಕಿ ಉಬ್ಬುತ್ತದೆ. ಎರಡು ಅರೇ ಓದಿ ಮೂರನೆಯದಕ್ಕೆ ಬರೆಯುವ ಟ್ರಯಾಡ್ ಸಾಲು ನೋಡಿ. ಟ್ರಯಾಡ್ ಪ್ರತಿ ಅಂಶಕ್ಕೆ 24 ಬೈಟ್ ಎಂದು ಎಣಿಸುತ್ತದೆ. ಬರೆಯುವ ಮೊದಲು ಆ ಕ್ಯಾಶ್ ಸಾಲನ್ನು ಓದಿ ತರಬೇಕಾದ್ದರಿಂದ ನಿಜಕ್ಕೂ ಓಡಾಡುವುದು 32 ಬೈಟ್. ಹೀಗಾಗಿ ತೋರುವ ಅಂಕಿ ನಿಜವಾದ ಸಾಗಣೆಯ ಮುಕ್ಕಾಲು ಪಾಲು.

ಈ ಮುಕ್ಕಾಲಿನ ಲೆಕ್ಕವೇ ಜಿ41ರ ಗುಟ್ಟನ್ನು ಬಿಚ್ಚುತ್ತದೆ. ಡ್ಯುಯಲ್ ಚಾನೆಲ್ 1066 ಕಾಗದದ ಮೇಲೆ ಸೆಕೆಂಡಿಗೆ 17 ಜಿಬಿ. ಆದರೆ ಕಂಟ್ರೋಲರ್ ಪ್ರೊಸೆಸರಿನ ಹೊರಗೆ, ಬೋರ್ಡಿನ ಮೇಲಿನ ನಾರ್ತ್‌ಬ್ರಿಡ್ಜ್ ಚಿಪ್ಪಿನಲ್ಲಿದೆ, ಅಲ್ಲಿಂದ ಪ್ರೊಸೆಸರಿಗೆ ಇರುವ ದಾರಿ 1066ರ ಎಫ್‌ಎಸ್‌ಬಿ (ಫ್ರಂಟ್ ಸೈಡ್ ಬಸ್) ಒಂದೇ: 8.5 ಜಿಬಿ. ಟ್ರಯಾಡ್‌ನಲ್ಲಿ 6.4 ದಾಟುವ ಮಾತೇ ಇಲ್ಲ. ಅದೇ ಬೋರ್ಡಿಗೆ 1333 ಎಫ್‌ಎಸ್‌ಬಿಯ ಇ8400 ಹಾಕಿ, ರ‍್ಯಾಮ್ 1066ರಲ್ಲೇ ಬಿಡಿ. ಟ್ರಯಾಡ್ ಮಿತಿ 8ಕ್ಕೆ ಏರುತ್ತದೆ, ಅಳತೆಯೂ ಏರುತ್ತದೆ. ರ‍್ಯಾಮ್ ಮುಟ್ಟದೆ ಬಂದ ಏರಿಕೆ ಅದು.

ಲೇಟೆನ್ಸಿ, ಅಂದರೆ ಕೇಳಿದ್ದು ಬರುವವರೆಗಿನ ಕಾಯುವ ಸಮಯ ಅಳೆಯಲು ಒಂದರ ವಿಳಾಸ ಇನ್ನೊಂದರಲ್ಲಿರುವ ಸರಪಳಿ ಬೇಕು: 64 ಎಂಬಿ ಜಾಗ, 64 ಬೈಟಿನ ಕೊಂಡಿಗಳು, ಕ್ರಮ ಪೂರ್ತಿ ಕಲಸಿರಬೇಕು. ಸಾಲಾಗಿ ಹೋದರೆ, ಮುಂದೆ ಬೇಕಾದದ್ದನ್ನು ಊಹಿಸುವ ಪ್ರಿಫೆಚರ್ ಮೊದಲೇ ತಂದಿಟ್ಟುಬಿಡುತ್ತದೆ. 4 ಕೆಬಿ ಪುಟಗಳಾದರೆ 16,384 ಪುಟ, ಹೆಚ್ಚು ಕಡಿಮೆ ಪ್ರತಿ ಹೆಜ್ಜೆಗೂ ವಿಳಾಸ ಹುಡುಕುವ ಸಮಯ ಸೇರಿಕೊಳ್ಳುತ್ತದೆ. 2 ಎಂಬಿಯ ಹ್ಯೂಜ್ ಪೇಜ್ ಬಳಸಿದರೆ 32 ಪುಟದಲ್ಲಿ ಮುಗಿಯುತ್ತದೆ. ಪ್ರೊಸೆಸರ್ ವೇಗ ನಿಯಂತ್ರಿಸುವ ಲಿನಕ್ಸ್‌ನ ಗವರ್ನರ್ ‘ಪರ್ಫಾರ್ಮೆನ್ಸ್’ನಲ್ಲಿ, ಬಯೋಸ್‌ನಲ್ಲಿ ಸಿ1ಇ (ಕೆಲಸವಿಲ್ಲದಾಗ ಕೋರ್ ನಿಧಾನಗೊಳಿಸುವ ಸೌಲಭ್ಯ) ಆಫ್ ಇರಲಿ. ಐ3-2100ರಲ್ಲಿ ಇದು ಮುಖ್ಯ: ಅದರ ಎಲ್3 ಕ್ಯಾಶ್ ಮತ್ತು ಕೋರ್‌ಗಳನ್ನು ಮೆಮೊರಿ ಕಂಟ್ರೋಲರ್‌ಗೆ ಜೋಡಿಸುವ ರಿಂಗ್ ಕೋರ್‌ನ ವೇಗದಲ್ಲೇ ಓಡುತ್ತವೆ, ಕೋರ್ 1.6 ಗಿಗಾಹರ್ಟ್ಸ್‌ಗಿಳಿದರೆ ಮೆಮೊರಿಯ ದಾರಿಯೂ ನಿಧಾನ.

ಹೆಚ್ಚಿನವರು ಎಡವುವುದು ಐ3-540ರಲ್ಲಿ. ‘ಐ’ ಸರಣಿ, ಆದ್ದರಿಂದ ಕಂಟ್ರೋಲರ್ ಕೋರ್ ಪಕ್ಕದಲ್ಲೇ ಇದೆ ಎಂದುಕೊಳ್ಳುತ್ತಾರೆ. ಆದರೆ ಐ3-540 ಸೇರುವ 2010ರ ಕ್ಲಾರ್ಕ್‌ಡೇಲ್ ವಿನ್ಯಾಸದಲ್ಲಿ ಕೋರ್‌ಗಳದು 32 ನ್ಯಾನೊಮೀಟರ್‌ನ ಒಂದು ಚೂರು, ಗ್ರಾಫಿಕ್ಸ್ ಮತ್ತು ಮೆಮೊರಿ ಕಂಟ್ರೋಲರ್‌ಗಳದು 45 ನ್ಯಾನೊಮೀಟರ್‌ನ ಇನ್ನೊಂದು ಚೂರು. ಎರಡೂ ಒಂದೇ ಮುಚ್ಚಳದಡಿ, ನಡುವೆ ಕ್ಯೂಪಿಐ ಕೊಂಡಿ. ಲೇಟೆನ್ಸಿಯಲ್ಲಿ ಅದು ಕೋರ್ 2 ಸಾಲಿಗೇ ಸೇರುತ್ತದೆ. 2009ರ ಲಿನ್‌ಫೀಲ್ಡ್‌ನಲ್ಲಿ, ಅದೇ ಸಾಕೆಟ್ಟಾದರೂ, ಎಲ್ಲ ಒಂದೇ ಚೂರಿನಲ್ಲಿದೆ. ಎಚ್55 ಇದ್ದವರು ಬೇರೆ ರ‍್ಯಾಮ್ ಹುಡುಕುವ ಬದಲು ಹಳೆಯ ಲಿನ್‌ಫೀಲ್ಡ್ ಪ್ರೊಸೆಸರ್ ಐ5-750 ಸಿಕ್ಕೀತೇ ನೋಡುವುದು ಒಳ್ಳೆಯದು, ಗ್ರಾಫಿಕ್ಸ್ ಕಾರ್ಡ್ ಬೇಕಾಗುತ್ತದೆ ಅಷ್ಟೆ.

ಫಿನಾಮ್ ನನಗೆ ಬಹಳ ಇಷ್ಟ, ಏಕೆಂದರೆ ಅದರಲ್ಲಿ ಕಂಟ್ರೋಲರ್‌ನ ವೇಗವನ್ನು ಪ್ರತ್ಯೇಕವಾಗಿ ತಿರುವಬಹುದು. 955 ಬ್ಲ್ಯಾಕ್ ಎಡಿಷನ್‌ನಲ್ಲಿ ಎನ್‌ಬಿ (ಪ್ರೊಸೆಸರಿನೊಳಗೇ ಇರುವ ನಾರ್ತ್‌ಬ್ರಿಡ್ಜ್, ಕಂಟ್ರೋಲರ್ ಇರುವ ಭಾಗ) ಗುಣಕ 10 ಇರುತ್ತದೆ, ಅಂದರೆ 2000 ಮೆಗಾಹರ್ಟ್ಸ್. 12 ಮಾಡಿದರೆ 2400, ಎನ್‌ಬಿ ವೋಲ್ಟೇಜ್ ಸ್ವಲ್ಪ ಏರಿಸಬೇಕಾಗಬಹುದು. ರ‍್ಯಾಮ್ 1066ರಲ್ಲೇ ಇದ್ದರೂ ಲೇಟೆನ್ಸಿ ಇಳಿಯುತ್ತದೆ, ಬ್ಯಾಂಡ್‌ವಿಡ್ತ್ ಏರುತ್ತದೆ. ಗ್ಯಾಂಗ್ಡ್ (ಎರಡು ಚಾನೆಲ್ ಒಂದಾಗಿ), ಅನ್‌ಗ್ಯಾಂಗ್ಡ್ (ಬೇರೆ ಬೇರೆಯಾಗಿ) ಎರಡರಲ್ಲಿ ಅನ್‌ಗ್ಯಾಂಗ್ಡ್ ಇಡಿ, ನಾಲ್ಕು ಕೋರ್ ಓಡುವಾಗ ಎರಡು ಚಾನೆಲ್ ಸ್ವತಂತ್ರವಾಗಿರುವುದು ಒಳ್ಳೆಯದು.

ಎಚ್61ರಲ್ಲಿ ಅಳೆಯುವಾಗ ಪರದೆಯ ಪಾಲನ್ನು ಮರೆಯಬಾರದು. ಒಳಗಿನ ಗ್ರಾಫಿಕ್ಸ್‌ನಿಂದ 1920×1080 ಪರದೆ ಓಡಿದರೆ, 60 ಹರ್ಟ್ಸ್‌ಗೆ ಸೆಕೆಂಡಿಗೆ ಸುಮಾರು 0.5 ಜಿಬಿ ಅದಕ್ಕೇ ಹೋಗುತ್ತದೆ. ಪರದೆ ಬಿಟ್ಟು ನೆಟ್‌ವರ್ಕ್ ಮೂಲಕ ಓಡಿಸಿ. ಜಿ41ರಲ್ಲಿ ಇದು ಅಷ್ಟಾಗಿ ಕಾಣದು, ಎಫ್‌ಎಸ್‌ಬಿ ಬಳಸಲಾಗದ ರ‍್ಯಾಮ್‌ನ ಉಳಿಕೆಯಿಂದಲೇ ನಾರ್ತ್‌ಬ್ರಿಡ್ಜ್ ಪರದೆಗೆ ಕೊಡುತ್ತದೆ.

ಹಾಗಾಗಿ ಎಚ್61ರಲ್ಲಿ ಒಂದೇ ಪಟ್ಟಿ ಇದ್ದರೆ ಎರಡನೆಯದು ಹಾಕಿಸಿ, ಫಲ ಕಣ್ಣಿಗೆ ಕಾಣುತ್ತದೆ. ಜಿ41ಕ್ಕೆ ಹೆಚ್ಚು ವೇಗದ ರ‍್ಯಾಮ್‌ಗೆ ದುಡ್ಡು ಹಾಕಬೇಡಿ. ಗಾತ್ರ ಹೆಚ್ಚಿಸಲು 4 ಜಿಬಿ ಪಟ್ಟಿ ತರುವುದಾದರೆ 16 ಚಿಪ್ ಇರುವುದನ್ನೇ ಕೇಳಿ ತನ್ನಿ. 8 ಚಿಪ್ಪಿನ 4 ಜಿಬಿ ಪಟ್ಟಿಯನ್ನು ಆ ನಾರ್ತ್‌ಬ್ರಿಡ್ಜ್ ಸರಿಯಾಗಿ ಗುರುತಿಸುವುದಿಲ್ಲ.