ಕುಂಬಳೆಯ ಮನೆಯಲ್ಲಿ ಕೂತು ಪಣಂಬೂರಿನ ಹಡಗು ಹಿಡಿದದ್ದು

ಎರಡು ವರ್ಷ ಹಿಡಿಯಿತು. ಈಗ ಮಂಗಳೂರಿನ ಬಂದರು ಪಣಂಬೂರಿನ ಹೊರಗೆ ಲಂಗರು ಹಾಕಿ ಸರದಿ ಕಾಯುವ ಹಡಗುಗಳು ಕುಂಬಳೆಯ ನಮ್ಮ ಮನೆಯ ಲ್ಯಾಪ್‌ಟಾಪ್ ನಕಾಶೆಯಲ್ಲಿ ದಿನವಿಡೀ ಕಾಣುತ್ತವೆ. ನಡುವೆ ಸುಮಾರು 40 ಕಿಲೋಮೀಟರ್ ಇದೆ. "ಟಿವಿ ನೋಡುವ ಡಾಂಗಲ್‌ನಲ್ಲಿ ಹಡಗು ಸಿಗ್ತದಾ ಮಾರಾಯ?" ಅಂತ ಭಾವ ಕೇಳಿದ್ದರು. ಈಗ ಬಂದರೆ ಕಾಲು ತೊಳೆದವರೇ ಲ್ಯಾಪ್‌ಟಾಪ್ ಮುಂದೆ ಕೂರುತ್ತಾರೆ.

ಹಡಗುಗಳು ತಮ್ಮ ಸಂಖ್ಯೆ, ಸ್ಥಾನ, ಹೆಸರನ್ನು ರೇಡಿಯೋದಲ್ಲಿ ತಾವಾಗಿ ಸಾರುವ ವ್ಯವಸ್ಥೆಯೇ ಎಐಎಸ್. ಅದನ್ನು ಹಿಡಿಯುವವರಿಗೆ 161.975, 162.025 ಮೆಗಾಹರ್ಟ್ಸ್‌ನಲ್ಲಿ ಕೇಳಬೇಕು ಅಂತ ಹೇಳಬೇಕಾಗಿಲ್ಲ. ಹಾಗಾಗಿ ಸೋತದ್ದನ್ನೇ ಮೊದಲು ಬರೆಯುತ್ತೇನೆ.

ಡಾಂಗಲ್ ಅಂದರೆ ಲ್ಯಾಪ್‌ಟಾಪ್‌ಗೆ ಚುಚ್ಚುವ ಸಣ್ಣ ರೇಡಿಯೋ ರಿಸೀವರ್. ಮೊದಲನೆಯದ್ದು 800 ರೂಪಾಯಿಯದ್ದು. ಅದರ ಆವರ್ತನದ ತಪ್ಪು ಬೆಳಿಗ್ಗೆ 50 ಪಿಪಿಎಂ (ಹತ್ತು ಲಕ್ಷಕ್ಕೆ 50) ಆಸುಪಾಸು ಇದ್ದದ್ದು ಮಧ್ಯಾಹ್ನ ಹಂಚಿನ ಬಿಸಿಗೆ 70 ಆಗುತ್ತಿತ್ತು. 162 ಮೆಗಾಹರ್ಟ್ಸ್‌ನಲ್ಲಿ ಆ 20ರ ವ್ಯತ್ಯಾಸವೇ ಮೂರು ಕಿಲೋಹರ್ಟ್ಸ್‌ಗೂ ಜಾಸ್ತಿ. ಬೆಳಿಗ್ಗೆ ಸಿಕ್ಕಿದ ಹಡಗು ಊಟದ ಹೊತ್ತಿಗೆ ಮಾಯ. ಟಿಸಿಎಕ್ಸ್‌ಒ, ಅಂದರೆ ಬಿಸಿಗೆ ಆವರ್ತನ ಅಷ್ಟಾಗಿ ಜಾರದ ಹರಳು, ಇರುವ ಡಾಂಗಲ್‌ಗೆ ಮೂರೂವರೆ ಸಾವಿರ ಕೊಟ್ಟೆ. ಅದನ್ನು ತುಲಾ ತಿಂಗಳ ಸಿಡಿಲು ತಿಂದಿತು. ಮತ್ತೆ ಮೂರೂವರೆ ಸಾವಿರ. ಈಗ ದೂರದಲ್ಲಿ ಗುಡುಗು ಕೇಳಿದರೂ ಸಾಕು, ಕೇಬಲ್ ಕಳಚಿ ಕಿಟಕಿಯ ಹೊರಗೆ ಹಾಕುತ್ತೇನೆ.

ಆಮೇಲೆ ಎಲ್ಲರೂ ಹೇಳಿದ್ದು ಒಂದೇ: ಆಂಪ್ಲಿಫೈಯರ್ ಹಾಕು. 1,800 ಕೊಟ್ಟು ಹಾಕಿದೆ. ನಿಮಿಷಕ್ಕೆ ಐದಾರು ಸಂದೇಶ ಬರುತ್ತಿದ್ದದ್ದೂ ನಿಂತಿತು. ಡಾಂಗಲ್‌ನ ಗೇನ್ (ಸಿಗ್ನಲ್ ಹಿಗ್ಗಿಸುವ ಮಟ್ಟ) ಪೂರ್ತಿ 49.6 ಡೆಸಿಬೆಲ್‌ಗೆ ಏರಿಸಿ ವಾರಗಟ್ಟಲೆ ಕೂತೆ. ಒಂದು ರಾತ್ರಿ ಬೇಸರದಲ್ಲಿ ಆಂಪ್ಲಿಫೈಯರ್ ಕಿತ್ತು, ಗೇನ್ ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತಾ ಬಂದೆ. 33ರ ಹತ್ತಿರ ಪರದೆ ತುಂಬಿತು! ಊರಿನ ಸುತ್ತಲಿನ ಎಫ್‌ಎಂ ಸ್ಟೇಷನ್‌ಗಳ ಅಬ್ಬರಕ್ಕೆ ಡಾಂಗಲ್ ಕಿವುಡಾಗಿತ್ತು. ಎಫ್‌ಎಂನ 88-108 ಮೆಗಾಹರ್ಟ್ಸ್ ತಡೆಯುವ ಫಿಲ್ಟರ್ ಸೇರಿಸಿದ ಮೇಲೆ ನಿಮಿಷಕ್ಕೆ 150 ದಾಟಿದ್ದೂ ಇದೆ.

ಆಂಟೆನಾ ಮಾಮೂಲಿ ಗ್ರೌಂಡ್ ಪ್ಲೇನ್: ನಡುವೆ ನೆಟ್ಟಗೆ ಒಂದು ಸರಳು, ಬುಡದ ಸುತ್ತ ಇನ್ನಷ್ಟು. ನಡುವಿನ ಹಿತ್ತಾಳೆ ಸರಳು 44 ಸೆಂಟಿಮೀಟರ್, ಎತ್ತರ 12 ಮೀಟರ್. ಮೊದಲು ಅಡಿಕೆ ಕಂಬಕ್ಕೆ ಕಟ್ಟಿದ್ದೆ, ಆಟಿಯ ಗಾಳಿಗೆ ಮುರಿಯಿತು. ಈಗಿನದ್ದು ಜಿಐ ಪೈಪ್. ಕೇಬಲ್ ಹಳೆಯ ಡಿಶ್‌ನದ್ದು. ಅದು 75 ಓಮ್, ರೇಡಿಯೋಗೆ 50 ಓಮ್‌ನದ್ದೇ ಬೇಕು ಅಂತ ಆಕ್ಷೇಪಿಸುವವರು ಒಮ್ಮೆ ಎರಡನ್ನೂ ಹಾಕಿ ಸಂದೇಶ ಎಣಿಸಿ ನೋಡಲಿ. ನನಗೆ ವ್ಯತ್ಯಾಸ ಸಿಗಲಿಲ್ಲ. ಉಪ್ಪುಗಾಳಿಯದ್ದೇ ನಿಜವಾದ ಕಾಟ. ಒಂದೇ ಮಳೆಗಾಲದಲ್ಲಿ ಕನೆಕ್ಟರ್ ಹಸಿರು ಕಿಲುಬು ಹಿಡಿದು, ಬೆರಳಲ್ಲಿ ಉಜ್ಜಿದರೆ ಪುಡಿ ಉದುರುತ್ತಿತ್ತು. ಕೇಬಲ್ ಡಾಂಗಲ್‌ಗೆ ಸೇರುವ ಕಡೆ ಇನ್ನೊಂದು ಸಣ್ಣ ಕೆಲಸ ಮಾಡಿದ್ದೇನೆ. ಅದಕ್ಕೆ ಆರು ತಿಂಗಳು ಹೋಗಿದೆ, ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ನಮಗೂ ಕಡಲಿಗೂ ನಡುವೆ ರೈಲು ಹಳಿ ಇದೆ. 25,000 ವೋಲ್ಟ್‌ನ ತಂತಿ. ಸಂಜೆ ಸಂದೇಶಗಳು ಇಳಿದರೆ ಅದನ್ನೇ ಬೈಯುತ್ತಿದ್ದೆ. ಒಂದು ವಾರ ರೈಲು ಹೋದ ಹೊತ್ತನ್ನೆಲ್ಲ ಬರೆದಿಟ್ಟು ಲಾಗ್ ಜೊತೆ ಹೋಲಿಸಿದೆ. ಇಂಜಿನ್ ಮೇಲೆ ತಂತಿಗೆ ತಾಗುವ ಪ್ಯಾಂಟೋಗ್ರಾಫ್ ಕಿಡಿ ಹಾರಿಸಿದಾಗ ಕೆಲವು ಸೆಕೆಂಡು ತಪ್ಪುತ್ತದೆ, ಅಷ್ಟೇ. ಸಂಜೆಯಿಡೀ ಗದ್ದಲ ಮಾಡುತ್ತಿದ್ದದ್ದು ನಮ್ಮ ಹಟ್ಟಿಯ ಎಲ್‌ಇಡಿ ಬಲ್ಬ್! 90 ರೂಪಾಯಿಯ ಬೇರೆ ಬಲ್ಬ್ ಹಾಕಿದೆ, ಸರಿಯಾಯಿತು. ಇಷ್ಟು ಅಗ್ಗದ ರಿಪೇರಿ ಬೇರೆ ಯಾವುದೂ ಇಲ್ಲ.

ಒಟ್ಟು ಖರ್ಚು 13-14 ಸಾವಿರ ಇರಬಹುದು. ಅರ್ಧ ನೀರಿಗೆ ಹೋಮ. ಈಗ ಹೊಸದಾಗಿ ಮಾಡಿದರೆ ಆರು ಸಾವಿರ ಸಾಕು.

ಕಳೆದ ಮಾರ್ಚ್‌ನಲ್ಲಿ ಸುಮ್ನೆ ರಾತ್ರಿಯಿಡೀ ಲಾಗ್ ಬಿಟ್ಟು ನೋಡಿದೆ. ನಮ್ಮ ಎತ್ತರಕ್ಕೆ ಲೆಕ್ಕದಲ್ಲಿ 40 ಕಿಲೋಮೀಟರೇ ದೊಡ್ಡದು. ಆದರೆ ಬೇಸಿಗೆಯಲ್ಲಿ ಕಡಲ ಮೇಲೆ ಬಿಸಿ ಗಾಳಿಯ ಪದರ ನಿಂತರೆ ರೇಡಿಯೋ ಅಲೆಗಳು ಅದರಡಿಯಲ್ಲೇ ಸಾಗಿ ಬರುತ್ತವೆ. ಎರಡು ಗಂಟೆಗೆ ನಕಾಶೆಯ ಎಡತುದಿಯಲ್ಲಿ, ಲಕ್ಷದ್ವೀಪದ ಅಮಿನಿ ದ್ವೀಪದ ಪಕ್ಕ, ಒಂದು ಚುಕ್ಕಿ ಮೂಡಿತು. ಸುಮಾರು 300 ಕಿಲೋಮೀಟರ್! 1956ರ ತನಕ ಕಾಸರಗೋಡಿನ ಹಾಗೆ ಅಮಿನಿಯೂ ದಕ್ಷಿಣ ಕನ್ನಡಕ್ಕೇ ಸೇರಿತ್ತು ಅಲ್ವಾ, ಹಳೆಯ ನೆಂಟರು ಕರೆದಂತೆ ಆಯಿತು. ಸ್ಥಾನ ಬೇಗ ಬೇಗ ಬರುತ್ತದೆ, ಹೆಸರು ಬರುವುದು ಆರು ನಿಮಿಷಕ್ಕೊಮ್ಮೆ. ನಾಲ್ಕನೇ ನಿಮಿಷಕ್ಕೆ ಸಿಗ್ನಲ್ ಕಡಿಯಿತು. ಮರುರಾತ್ರಿ ಭಾವನೂ ಉಳಿದರು. ಮೂರು ಗಂಟೆಗೆ ಅದೇ ಹಡಗಿನ ಸಂಖ್ಯೆ ಮತ್ತೆ ಬಂತು, ಐದು ನಿಮಿಷ ಇಬ್ಬರೂ ಮಾತಾಡದೆ ಕೂತೆವು, ಹೆಸರು ಬಂತು.