ನೈಟ್ರೈಲ್ ರಬ್ಬರಿಗೆ ಗಂಧಕ ಬೆರೆಸಲು ಕಲಿತದ್ದು

ಪೀಣ್ಯದ ಒಂದು ಸಣ್ಣ ಶೆಡ್ಡಿನಲ್ಲಿ ನಾನು ಹಲವು ವರ್ಷ ನೈಸರ್ಗಿಕ ರಬ್ಬರಿನಿಂದ ಬುಷ್‌ಗಳನ್ನು ಅಚ್ಚು ಹಾಕಿಕೊಂಡಿದ್ದೆ. ಹೈಡ್ರಾಲಿಕ್ ಜ್ಯಾಕ್ ರಿಪೇರಿ ಮಾಡುವ ಗಿರಾಕಿಯೊಬ್ಬರು ಓ-ರಿಂಗ್ (ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಬಳೆ) ಕೇಳಿದಾಗ ಆ ರಬ್ಬರು ಉಪಯೋಗಕ್ಕೆ ಬರುವಂತಿರಲಿಲ್ಲ. ಅದು ಖನಿಜ ತೈಲವನ್ನು ಹೀರಿ ಊದಿಕೊಂಡು, ಉಗುರಿನಿಂದ ಕಿತ್ತರೆ ಬರುವಷ್ಟು ಮೆತ್ತಗಾಗುತ್ತದೆ. ಹಾಗಾಗಿ ನೈಟ್ರೈಲ್ ರಬ್ಬರಿಗೆ ಕೈಹಾಕಿದೆ.

1930ರ ದಶಕದಲ್ಲಿ ಜರ್ಮನಿಯಲ್ಲಿ ರೂಪುಗೊಂಡ ಈ ರಬ್ಬರಿನ ಸರಪಳಿಯಲ್ಲಿ ಬ್ಯುಟಡೈಈನ್ ಮತ್ತು ಅಕ್ರಿಲೋನೈಟ್ರೈಲ್ ಎರಡೂ ಇರುತ್ತವೆ. ಮೊದಲನೆಯದು ಹಿಗ್ಗುವ ಗುಣ ಕೊಡುತ್ತದೆ. ಎರಡನೆಯದರಲ್ಲಿರುವ ನೈಟ್ರೈಲ್ ಗುಂಪು ಧ್ರುವೀಯವಾದ್ದರಿಂದ (ಅಂದರೆ ಅದರ ಒಂದು ತುದಿಯಲ್ಲಿ ತುಸು ಧನ, ಇನ್ನೊಂದರಲ್ಲಿ ತುಸು ಋಣ ವಿದ್ಯುದಂಶ ಇರುವುದರಿಂದ), ಧ್ರುವೀಯವಲ್ಲದ ಎಣ್ಣೆಯ ಅಣುಗಳಿಗೆ ಒಳಗೆ ಸುಲಭವಾಗಿ ಜಾಗ ಸಿಗುವುದಿಲ್ಲ. ಅಕ್ರಿಲೋನೈಟ್ರೈಲಿನ ಪಾಲು ಹೆಚ್ಚಿದಷ್ಟೂ ಎಣ್ಣೆಯನ್ನು ತಡೆಯುವ ಶಕ್ತಿ ಹೆಚ್ಚುತ್ತದೆ, ಆದರೆ ಚಳಿಯಲ್ಲಿ ರಬ್ಬರು ಬೇಗ ಬಿಗಿಯಾಗುತ್ತದೆ. ನಾನು ಮಧ್ಯಮ ದರ್ಜೆಯ, ಶೇ. 33ರ ರಬ್ಬರನ್ನು ಆರಿಸಿಕೊಂಡೆ.

ತಪ್ಪು ಆದದ್ದು ಎರಡು ರೋಲುಗಳ ನಡುವೆ ರಬ್ಬರನ್ನು ಅರೆದು ಬೆರೆಸುವ ಮಿಕ್ಸಿಂಗ್ ಮಿಲ್ಲಿನಲ್ಲಿ. ಶಾಖದಲ್ಲಿ ರಬ್ಬರಿನ ಸರಪಳಿಗಳನ್ನು ಒಂದಕ್ಕೊಂದು ಬೆಸೆದು ಗಟ್ಟಿ ಮಾಡುವುದು ಗಂಧಕ; ಇದನ್ನೇ ನಾವು ಬೇಯುವುದು ಎನ್ನುತ್ತೇವೆ. ನೈಸರ್ಗಿಕ ರಬ್ಬರಿಗೆ ಗಂಧಕವನ್ನು ಕೊನೆಯಲ್ಲಿ ಹಾಕುವ ರೂಢಿ. ಬೇಗ ಹಾಕಿದರೆ ಬೆರೆಸಿದ ರಬ್ಬರು ಮಿಲ್ಲಿನಲ್ಲೇ ಬೇಯಲು ಶುರುವಾದೀತೆಂಬ ಭಯ. ಇಲ್ಲೂ ಹಾಗೆಯೇ ಮಾಡಿದೆ. ಪ್ರೆಸ್ಸಿನಿಂದ ತೆಗೆದ ರಿಂಗುಗಳಲ್ಲಿ ಅಲ್ಲಲ್ಲಿ ಗಟ್ಟಿ ಕಾಳುಗಳು ಕೈಗೆ ಹತ್ತುತ್ತಿದ್ದವು, ಉಳಿದ ಭಾಗ ಸರಿಯಾಗಿ ಬೇಯದೆ ಅಂಟುತ್ತಿತ್ತು. ದೋಷ ಪ್ರೆಸ್ಸಿನದೆಂದು ತಿಳಿದು 160 ಡಿಗ್ರಿಯ ಶಾಖವನ್ನು ಮತ್ತೆ ಮತ್ತೆ ಅಳೆದೆ, 10 ನಿಮಿಷವನ್ನು 15 ಮಾಡಿದೆ. ಎರಡು ದಿನ ವ್ಯರ್ಥವಾಯಿತು. ಕೊನೆಗೆ ಬೇಯದ ಹಾಳೆಯನ್ನು ಬ್ಲೇಡಿನಿಂದ ಸೀಳಿ ನೋಡಿದಾಗ ಕಪ್ಪಿನ ನಡುವೆ ಸಾಸಿವೆಗಿಂತ ಸಣ್ಣ ಹಳದಿ ಚುಕ್ಕೆಗಳು ಕಂಡವು.

ಪಕ್ಕದ ಶೆಡ್ಡಿನ ಹಿರಿಯ ಮಿಲ್ ಆಪರೇಟರ್ ಅದನ್ನು ನೋಡಿ, "ಸಾರ್, ಇದಕ್ಕೆ ಸಲ್ಫರ್ ಮೊದಲೇ ಹಾಕ್ಬೇಕು, ಕೊನೆಗೆ ಹಾಕಿದ್ರೆ ಸೇರಲ್ಲ" ಎಂದರು. ಎಣ್ಣೆಯಂತೆ ಗಂಧಕವೂ ಧ್ರುವೀಯವಲ್ಲ. ಎಣ್ಣೆಯನ್ನು ಹೊರಗಿಡುವ ಗುಣವೇ ಗಂಧಕವನ್ನೂ ಕರಗಲು ಬಿಡದೆ ನನ್ನನ್ನು ಸತಾಯಿಸುತ್ತಿತ್ತು.

ಈಗ ರೋಲುಗಳ ಒಳಗೆ ತಣ್ಣೀರು ಹರಿಸಿಕೊಂಡು, ರಬ್ಬರು ಪಟ್ಟಿಯಾಗಿ ಸುತ್ತಿಕೊಂಡ ಕೂಡಲೇ ನೂರು ಭಾಗಕ್ಕೆ ಒಂದೂವರೆ ಭಾಗದಂತೆ, ಮೆಗ್ನೀಸಿಯಂ ಕಾರ್ಬೊನೇಟ್ ಲೇಪಿಸಿದ ಗಂಧಕವನ್ನು ಹಾಕುತ್ತೇನೆ. ಬಳಿಕ ಸತುವಿನ ಆಕ್ಸೈಡ್, ಸ್ಟಿಯರಿಕ್ ಆಮ್ಲ, ಕಂತುಗಳಲ್ಲಿ ಕಾರ್ಬನ್ ಬ್ಲ್ಯಾಕ್. ಬೇಯುವುದನ್ನು ಚುರುಕುಗೊಳಿಸುವ ರಾಸಾಯನಿಕವಾದ ಆಕ್ಸಿಲರೇಟರ್ ಮಾತ್ರ ಕಟ್ಟಕಡೆಗೆ. ಅದಿಲ್ಲದೆ ಗಂಧಕ ಬಹಳ ನಿಧಾನವಾಗಿ ಕೆಲಸ ಮಾಡುವುದರಿಂದ ಮಿಲ್ಲಿನಲ್ಲಿ ಬೇಯುವ ಭಯ ಅಷ್ಟಾಗಿ ಇಲ್ಲ.

ಅಡುಗೆ ಅನಿಲದ ಸಿಲಿಂಡರಿನ ವಾಲ್ವಿನೊಳಗಿನ ಕಪ್ಪು ಬಳೆಗೂ ಸಾಮಾನ್ಯವಾಗಿ ಇದೇ ರಬ್ಬರು. ಆದರೆ ಇದರ ಸರಪಳಿಯಲ್ಲಿ ಉಳಿದಿರುವ ಜೋಡಿ ಬಂಧಗಳನ್ನು ಗಾಳಿಯ ಓಝೋನ್ ಕಡಿಯುತ್ತದೆ. ಮೊಳೆಗೆ ಎಳೆದು ನೇತುಹಾಕಿದ ರಿಂಗುಗಳು ಬಿರುಕು ಬಿಟ್ಟ ಮೇಲೆ ನಾನು ಅವನ್ನು ಚೀಲದಲ್ಲಿ ಸಡಿಲವಾಗಿ ಇಡುತ್ತಿದ್ದೇನೆ. ಕಾರಿನ ಬ್ರೇಕ್ ಸಿಲಿಂಡರಿನ ರಿಂಗುಗಳನ್ನೂ ಮಾಡಿಕೊಡಿ ಎಂದು ಅದೇ ಗಿರಾಕಿ ಕೇಳಿದಾಗ ಮಾತ್ರ ಒಪ್ಪಲಿಲ್ಲ: ಗ್ಲೈಕಾಲ್ ಮೂಲದ ಬ್ರೇಕ್ ದ್ರವ ಸ್ವತಃ ಧ್ರುವೀಯ, ಅದರಲ್ಲಿ ನೈಟ್ರೈಲ್ ಊದಿಕೊಳ್ಳುತ್ತದೆ. ಆ ದ್ರವಕ್ಕೆ ಒಗ್ಗುವ, ಇಪಿಡಿಎಂ ಎಂಬ ಬೇರೆ ಬಗೆಯ ರಬ್ಬರು ಬಳಸುವವರ ಬಳಿಗೆ ಅವರನ್ನು ಕಳಿಸಿದೆ.