ಅವ್ವನಿಗೆ ನಾನೇ ಬರೆದ ಪಾಲಿಸಿ

"ಪೋಸ್ಟಾಫೀಸಿನ ಬಡ್ಡೀಲಿ ಆಯಾ ಇಡ್ತಾನಂತೆ!" ಅಂತ ನಮ್ಮ ಭಾವ ದಾವಣಗೆರೆ ತುಂಬ ಹೇಳಿಕೊಂಡು ನಕ್ಕಿದ್ದರು. ಅವ್ವನ ಆರೈಕೆಗೆ ಆಯಾ ಬರೋಕೆ ಶುರುವಾಗಿ ಹತ್ತು ತಿಂಗಳಾಯ್ತು, ಸಂಬಳ ಒಂದು ಸಲವೂ ತಪ್ಪಿಲ್ಲ. ಅದಕ್ಕೇ ಬರೀತಿದೀನಿ.

ಮೊದಲು ಕೈ ಸುಟ್ಟುಕೊಂಡ ಕಥೆ. 2017ರಲ್ಲಿ ಅಪ್ಪನಿಗೆ ಲಕ್ವ ಹೊಡೀತು. ಐದು ಲಕ್ಷದ ಆಸ್ಪತ್ರೆ ಪಾಲಿಸಿ, ರೂಮ್ ಬಾಡಿಗೆಗೆ ದಿನಕ್ಕೆ ಒಂದು ಪರ್ಸೆಂಟ್, ಅಂದರೆ ಐದು ಸಾವಿರದ ಮಿತಿ. ನಾನು ಗಾಳಿ-ಬೆಳಕು ನೋಡಿ ಎಂಟು ಸಾವಿರದ ರೂಮ್ ಹಿಡಿದೆ. ಕಂಪನಿಯವರು ಬಾಡಿಗೆ ಒಂದೇ ಅಲ್ಲ, ಡಾಕ್ಟರ್ ಫೀಸು, ನರ್ಸಿಂಗ್ ಎಲ್ಲವನ್ನೂ ಅದೇ ಎಂಟಕ್ಕೆ ಐದರ ಲೆಕ್ಕದಲ್ಲಿ ಕತ್ತರಿಸಿದರು. ಎರಡೂವರೆ ಲಕ್ಷದ ಬಿಲ್ಲಿಗೆ ಬಂದದ್ದು ಒಂದು ಎಪ್ಪತ್ತೋ ಏನೋ.

ಅದು ಹೋಗಲಿ. ಮನೆಗೆ ಬಂದ ಮೇಲೆ ಅಪ್ಪ ಹದಿನಾಲ್ಕು ತಿಂಗಳು ಮಲಗಿದರು. ಮೊದಲ ಅರವತ್ತು ದಿನದ ಔಷಧಿ ಬಿಟ್ಟರೆ ಆಯಾ, ಡೈಪರ್, ಗಾಳಿಹಾಸಿಗೆ ಯಾವುದಕ್ಕೂ ಪಾಲಿಸಿ ಇಲ್ಲ. ಮೂರೂವರೆ ಲಕ್ಷದ ಹತ್ತಿರ ಹೋಯ್ತು, ಹೊನ್ನಾಳಿ ಕಡೆಯ ಹೊಲದ ಒಂದು ತುಂಡೂ ಹೋಯ್ತು.

ದಾರಿ ತೋರಿಸಿದ್ದು ಅದೇ ಭಾವನ ಮಗ, ಅಮೆರಿಕದಲ್ಲಿದ್ದಾನೆ. ಅಲ್ಲಿ ಈ ಆರೈಕೆಗೆಂದೇ ಬೇರೆ ಇನ್ಶೂರೆನ್ಸ್ ಇದೆ. ಸ್ನಾನ, ಬಟ್ಟೆ, ಊಟ, ಸಂಡಾಸು, ಎದ್ದು ಕೂರೋದು, ಮಲಮೂತ್ರದ ಹಿಡಿತ, ಈ ಆರರಲ್ಲಿ ಎರಡು ಸ್ವಂತ ಆಗದಿದ್ದರೆ ದುಡ್ಡು ಶುರು. ಸಾಮಾನ್ಯವಾಗಿ ಮೊದಲ ತೊಂಬತ್ತು ದಿನ ಕೈಯಿಂದ. ನಾನು ಆ ಚೌಕಟ್ಟನ್ನೇ ಎತ್ತಿಕೊಂಡೆ, ದುಡ್ಡು ಮಾತ್ರ ಕಂಪನಿ ಬದಲು ನಾವೇ ತೆಗೆದಿಡೋದು ಅಂತ.

ಆಸ್ಪತ್ರೆಗೆ ಬೇರೆ ಪಾಲಿಸಿ. 2020ರಲ್ಲಿ ಅವ್ವನ ಹೆಸರಿಗೆ ಮಾಡಿಸುವಾಗ ಏಜೆಂಟ್ "ಬಿಪಿ ಬರೀಬೇಡಿ ಸಾರ್" ಅಂದ. ಶುಗರ್, ಬಿಪಿ, ಕಣ್ಣಿನ ಪೊರೆ ಆಪರೇಷನ್ ಎಲ್ಲಾ ಬರೆದೆ. ಒಂದು ಕಂಪನಿ ಆಗಲ್ಲ ಅಂತು. ಇನ್ನೊಂದು ಪ್ರೀಮಿಯಂ ಏರಿಸಿ, ಬಿಲ್ಲಿನಲ್ಲಿ ಇಪ್ಪತ್ತು ಪರ್ಸೆಂಟ್ ನಮ್ಮ ಪಾಲು ಅಂತ ಹೇಳಿ ಕೊಟ್ಟಿತು. ರೂಮಿಗೆ ಮಿತಿ ಇಲ್ಲದ್ದನ್ನೇ ಹಿಡಿದೆ. ಅರ್ಜಿ ಜೊತೆ ಇಟ್ಟ ಪತ್ರದ ಒಕ್ಕಣೆ ಮಾತ್ರ ಇಲ್ಲಿ ಹೇಳಲ್ಲ, ಮನೆಗೆ ಬಂದರೆ ತೋರಿಸ್ತೀನಿ.

ಆರೈಕೆಗೆ ಅವ್ವನದೇ ನಿಟ್ಟುವಳ್ಳಿ ಸೈಟು ಮಾರಿದ ದುಡ್ಡಲ್ಲಿ 15 ಲಕ್ಷ ತೆಗೆದು, 2023ರ ಮೇನಲ್ಲಿ ಪೋಸ್ಟಾಫೀಸಿನ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕಿಸಿದೆ. 8.2 ಪರ್ಸೆಂಟ್, ಮೂರು ತಿಂಗಳಿಗೆ 30,750. ಮೊದಲ ವರ್ಷ, ತೆರಿಗೆ ಹಿಡಿಯಬೇಡಿ ಅಂತ ಕೊಡುವ 15ಎಚ್ ಫಾರಂ ಮರೆತು, ಬಡ್ಡಿಯಲ್ಲೇ ತೆರಿಗೆ (ಟಿಡಿಎಸ್) ಹಿಡಿದರು, ವಾಪಸ್ ಬರೋಕೆ ರಿಟರ್ನ್ ಹಾಕಬೇಕಾಯ್ತು. ಆ ಮೊದಲ ತೊಂಬತ್ತು ದಿನದ ಖರ್ಚಿಗೆ ಅಂತ ಎಪ್ಪತ್ತು ಸಾವಿರ ಬೇರೆ ಎಫ್‌ಡಿ.

ಹೋದ ವರ್ಷ ಅವ್ವ ಬಚ್ಚಲಲ್ಲಿ ಜಾರಿ ತೊಡೆ ಮೂಳೆ ಮುರಿದುಕೊಂಡರು. ಎರಡು ಲಕ್ಷ ಎಂಬತ್ತು ಸಾವಿರದ ಬಿಲ್ಲು, ನಮ್ಮ ಪಾಲು ಐವತ್ತಾರು ಸಾವಿರ, ಉಳಿದಿದ್ದು ಕ್ಲೇಮಾಯ್ತು.

ಮನೆಗೆ ಬಂದ ಮೇಲೆ ಆರು ಕೆಲಸಕ್ಕೆ ಆರು ಗೆರೆ ಎಳೆದು ನೋಟ್‌ಬುಕ್ ಇಟ್ಟೆ. "ಸ್ನಾನ ನಾನೇ ಮಾಡ್ದೆ ಕಣಪ್ಪ" ಅಂತಿದ್ದರು ಅವ್ವ. ಟವಲ್ ಮುಟ್ಟಿದರೆ ಗರಿಗರಿ, ನಿನ್ನೆ ಮಡಚಿಟ್ಟ ಹಾಗೇ ಇತ್ತು. ಅವತ್ತೇ ಆಯಾ ಹುಡುಕಿದೆ. ತಿಂಗಳಿಗೆ ಹನ್ನೆರಡು ಸಾವಿರ, ಬಡ್ಡಿ ಸಾಲದ್ದಕ್ಕೆ ಸಾವಿರದ ಏಳುನೂರ ಐವತ್ತು ನನ್ನ ಕೈಯಿಂದ.

ಡೈಪರ್ ಹೋಲ್‌ಸೇಲಲ್ಲಿ ತಂದರೆ ಅಗ್ಗ ಅಂತ ಮೂರು ಬಾಕ್ಸ್ ಎತ್ತಿಸಿದ್ದೆ, ಎಲ್ಲಾ ಎಲ್ ಸೈಜು. ಅವ್ವ ಸಣಕಲು, ಎಂ ಬೇಕು. ಎರಡೂವರೆ ಬಾಕ್ಸ್ ಅಟ್ಟದ ಮೇಲಿದೆ, ಬೇಕಾದವರು ಒಯ್ಯಬಹುದು.